ಹಳೆಯ ಕಂಪ್ಯೂಟರಿನಲ್ಲಿ ಸಿಡಿ, ಡಿವಿಡಿ ತೆರೆಯುತ್ತಿಲ್ಲವೇ? ಲಕ್ಷಣ ನೋಡಿ ದೋಷ ಪತ್ತೆ ಮಾಡುವ ಬಗೆ

ಡಿಸ್ಕ್ ಹಾಕಿದರೂ ತೆರೆಯದಿದ್ದರೆ ತಪ್ಪು ಮೂರರಲ್ಲಿ ಒಂದು ಕಡೆ ಇರುತ್ತದೆ: ಡಿಸ್ಕಿನಲ್ಲಿ, ಅದನ್ನು ಓದುವ ಡ್ರೈವಿನಲ್ಲಿ, ಇಲ್ಲವೇ ವಿಂಡೋಸಿನಲ್ಲಿ. ಎಲ್ಲಿ ಎಂದು ಗೊತ್ತಾಗುವ ಮೊದಲೇ ಕೇಸ್ ಬಿಚ್ಚುವುದು, ವಿಂಡೋಸ್ ಅಳಿಸಿ ಮತ್ತೆ ಹಾಕುವುದು, ಡಿಸ್ಕಿಗೆ ಟೂತ್‌ಪೇಸ್ಟ್ ಬಳಿದು ತಿಕ್ಕುವುದು ಬೇಡ. ಮೂಲ ದೋಷಕ್ಕಿಂತ ಇವುಗಳಿಂದ ಆಗುವ ನಷ್ಟವೇ ಎಷ್ಟೋ ಸಲ ದೊಡ್ಡದು. ಡ್ರೈವ್ ಹೋದರೆ ಇನ್ನೊಂದು ಸಿಗುತ್ತದೆ. ಮದುವೆಯ ಫೋಟೋ, ತೀರಿಕೊಂಡವರ ದನಿ ಇರುವ ಡಿಸ್ಕ್ ಹೋದರೆ ಮತ್ತೆ ಸಿಗುವುದಿಲ್ಲ. ಹಾಗಾಗಿ ಡಿಸ್ಕನ್ನು ಉಳಿಸಿಕೊಳ್ಳುವುದು ಮೊದಲು, ಡ್ರೈವ್ ರಿಪೇರಿ ಆಮೇಲೆ. ತೆರೆಯದ ಡಿಸ್ಕ್ ಒಮ್ಮೆ ತೆರೆದುಕೊಂಡಿತೆಂದರೆ ಒಂದೊಂದೇ ಫೋಟೋ ನೋಡುತ್ತ ಕೂರಬೇಡಿ, ಇಡೀ ಡಿಸ್ಕನ್ನು ಆಗಲೇ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಳ್ಳಿ.

ಬಿಚ್ಚುವ ಮುನ್ನ ಐದು ನಿಮಿಷದ ಪರೀಕ್ಷೆ

ಮೊದಲು ಡ್ರೈವಿನ ಮುಂಭಾಗದ ಗುರುತು ಓದಿ. ಬರೀ ‘ಕಾಂಪ್ಯಾಕ್ಟ್ ಡಿಸ್ಕ್’ ಎಂದಿದ್ದರೆ ಅದು ಡಿವಿಡಿ ಓದುವುದಿಲ್ಲ. ಡಿವಿಡಿ ಗುರುತಿದ್ದರೂ ಬ್ಲೂ-ರೇ ಓದುವುದಿಲ್ಲ. ಸಿಡಿಗೆ 780 ನ್ಯಾನೋಮೀಟರ್, ಡಿವಿಡಿಗೆ 650, ಬ್ಲೂ-ರೇಗೆ 405 ನ್ಯಾನೋಮೀಟರ್ ತರಂಗಾಂತರದ ಲೇಸರ್ ಬೇಕು. ಇಲ್ಲದ ಲೇಸರನ್ನು ಯಾವ ಡ್ರೈವರ್ ಸಾಫ್ಟ್‌ವೇರೂ ಹುಟ್ಟಿಸಲಾರದು. ಮೂರು ಬಗೆಯ ಡಿಸ್ಕೂ ನೋಡಲು ಒಂದೇ ಥರ, ಅಗಲ 12 ಸೆಂಟಿಮೀಟರ್. ಆದ್ದರಿಂದ ಕಣ್ಣಳತೆ ನಂಬದೆ ಡಿಸ್ಕಿನ ಮೇಲಿನ ಬರಹ ನೋಡಿ.

ಲ್ಯಾಪ್‌ಟಾಪಿನ ತೆಳು ಡ್ರೈವ್ ಆಗಿದ್ದರೆ ಡಿಸ್ಕಿನ ರಂಧ್ರ ನಡುವಿನ ಗುಂಡಿಯ ಮೇಲೆ ‘ಟಕ್’ ಎಂದು ಕೂರಬೇಕು. ಆ ಗುಂಡಿಯ ಸುತ್ತ ಸ್ಪ್ರಿಂಗ್ ಇರುವ ಪುಟ್ಟ ಹಿಡಿಕೆಗಳಿವೆ. ಡಿಸ್ಕನ್ನು ಸುಮ್ಮನೆ ಮೇಲಿಟ್ಟು ಟ್ರೇ ತಳ್ಳಿದರೆ ಅದು ಓರೆಯಾಗಿ ತಿರುಗಿ ಕೆರೆಯುತ್ತದೆ, ಓದುವುದಿಲ್ಲ. ಎರಡು ಬೆರಳಿನಿಂದ ರಂಧ್ರದ ಪಕ್ಕ ಒತ್ತಿ ಕೂರಿಸಿ.

ಆಮೇಲೆ ಅದಲು ಬದಲು ಪರೀಕ್ಷೆ. ಅಂಗಡಿಯಿಂದ ತಂದ, ಚೆನ್ನಾಗಿರುವ ಒಂದು ಸಿಡಿ ಮತ್ತು ಒಂದು ಡಿವಿಡಿಯನ್ನು ಈ ಡ್ರೈವಿಗೆ ಹಾಕಿ. ತೊಂದರೆ ಕೊಡುತ್ತಿರುವ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ. ಒಳ್ಳೆಯ ಡಿಸ್ಕ್ ಇಲ್ಲಿ ತೆರೆದು, ಕೆಟ್ಟದ್ದು ಅಲ್ಲೂ ತೆರೆಯದಿದ್ದರೆ ದೋಷ ಡಿಸ್ಕಿನದು. ಒಳ್ಳೆಯದೂ ಇಲ್ಲಿ ತೆರೆಯದೆ, ಕೆಟ್ಟದ್ದೆಂದುಕೊಂಡದ್ದು ಅಲ್ಲಿ ತೆರೆದರೆ ದೋಷ ಡ್ರೈವಿನದೋ ವಿಂಡೋಸಿನದೋ. ಇಷ್ಟರಲ್ಲೇ ಅರ್ಧ ಕೆಲಸ ಮುಗಿಯಿತು.

ಲಕ್ಷಣ: ಉಳಿದೆಲ್ಲ ಡಿಸ್ಕ್ ತೆರೆಯುತ್ತವೆ, ಇದೊಂದು ಮಾತ್ರ ಇಲ್ಲ

ಡಿಸ್ಕನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ಓರೆ ಮಾಡಿ ನೋಡಿ. ಬೆರಳಚ್ಚು, ಎಣ್ಣೆ ಜಿಡ್ಡು, ಧೂಳು ಇದ್ದರೆ ಸ್ವಚ್ಛ ಮಾಡುವುದೇ ಮೊದಲ ಮದ್ದು. ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯನ್ನು ಶುದ್ಧ ನೀರಿನಲ್ಲೋ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲೋ ತುಸು ಒದ್ದೆ ಮಾಡಿ, ನಡುವಿನಿಂದ ಅಂಚಿನ ಕಡೆಗೆ ನೇರ ಗೆರೆಯಲ್ಲಿ ಒರೆಸಿ. ವೃತ್ತಾಕಾರದಲ್ಲಿ ಒರೆಸಬೇಡಿ. ಮಾಹಿತಿ ಇರುವುದು ಸುರುಳಿಯಾಗಿ ಸುತ್ತುವ ಒಂದೇ ಜಾಡಿನಲ್ಲಿ. ಸಿಡಿಯ ದೋಷ ತಿದ್ದುವ ವ್ಯವಸ್ಥೆ ಆ ಜಾಡಿನುದ್ದಕ್ಕೆ ಸುಮಾರು 2.5 ಮಿಲಿಮೀಟರ್ ತನಕದ ತುಂಡು ಕಾಣೆಯಾದರೂ ತುಂಬಿಕೊಳ್ಳುತ್ತದೆ. ಜಾಡಿಗೆ ಅಡ್ಡವಾಗಿ ಬಿದ್ದ ಗೀರು ಪ್ರತಿ ಸುತ್ತಿನಲ್ಲೂ ಒಂದು ಚೂರನ್ನಷ್ಟೇ ಕೆಡಿಸುತ್ತದೆ, ಜಾಡಿನ ಉದ್ದಕ್ಕೇ ಬಿದ್ದ ಗೀರು ಒಂದೇ ಕಡೆ ಬಹಳಷ್ಟನ್ನು ನುಂಗುತ್ತದೆ. ಒರೆಸುವಾಗ ಬಟ್ಟೆಯಲ್ಲಿ ಒಂದು ಮರಳಿನ ಕಣ ಇದ್ದರೂ ಅದು ಅಡ್ಡ ಗೀರನ್ನೇ ಎಳೆಯಲಿ ಎಂಬುದು ಇದರ ಲೆಕ್ಕ. ಥಿನ್ನರ್, ಅಸಿಟೋನ್, ನೇಲ್ ಪಾಲಿಷ್ ರಿಮೂವರ್ ಮುಟ್ಟಿಸಲೇ ಬೇಡಿ. ಡಿಸ್ಕಿನ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಮಂಜಾಗಿಬಿಡುತ್ತದೆ.

ತಣ್ಣನೆಯ ಜಾಗದಿಂದ ತಂದ ಡಿಸ್ಕಿನ ಮೇಲೆ ಕಣ್ಣಿಗೆ ಕಾಣದ ಹಾಗೆ ತೇವ ಕಟ್ಟಿರಬಹುದು. ಒಂದೆರಡು ಗಂಟೆ ಕೋಣೆಯಲ್ಲಿಟ್ಟು ಆಮೇಲೆ ಹಾಕಿ.

ಗೀರು ಎಲ್ಲಿದೆ ಎಂಬುದು ಎಷ್ಟಿದೆ ಎಂಬುದಕ್ಕಿಂತ ಮುಖ್ಯ. ಓದುವುದು ಒಳಗಿನಿಂದ ಹೊರಕ್ಕೆ. ನಡುವಿನ ಪಾರದರ್ಶಕ ಉಂಗುರ ದಾಟಿದ ಕೂಡಲೇ ಸಿಗುವ ಒಳ ಅಂಚಿನಲ್ಲಿ ಡಿಸ್ಕಿನ ವಿಷಯಸೂಚಿ ಇರುತ್ತದೆ. ಅಲ್ಲಿ ಪೆಟ್ಟಾದರೆ ಇಡೀ ಡಿಸ್ಕ್ ಗುರುತೇ ಸಿಗದಂತಾಗುತ್ತದೆ. ಹೊರ ಅಂಚಿನಲ್ಲಿ ಪೆಟ್ಟಾದರೆ ಮೊದಲ ಫೈಲುಗಳು ಸರಿಯಾಗಿ ತೆರೆದು, ಕೊನೆಯವು ಮಾತ್ರ ಕೈಕೊಡುತ್ತವೆ.

ಈಗ ಡಿಸ್ಕನ್ನು ತಿರುಗಿಸಿ ಮೇಲ್ಭಾಗ ನೋಡಿ. ಬಹಳ ಜನ ಕಡೆಗಣಿಸುವ ಜಾಗ ಇದು. ಸಿಡಿಯ ಮಾಹಿತಿ ಪದರ ಇರುವುದು ಹೊಳೆಯುವ ತಳದ ಹತ್ತಿರ ಅಲ್ಲ, ಬರಹವಿರುವ ಮೇಲ್ಮೈಯ ಕೆಳಗೇ, ತೆಳ್ಳನೆಯ ಮೆರುಗೆಣ್ಣೆಯ ಅಡಿಯಲ್ಲಿ. ಲೇಸರ್ ಕೆಳಗಿನಿಂದ 1.2 ಮಿಲಿಮೀಟರ್ ಪ್ಲಾಸ್ಟಿಕ್ ದಾಟಿ ಅಲ್ಲಿಗೆ ತಲುಪುತ್ತದೆ. ಡಿಸ್ಕನ್ನು ಬಲ್ಬಿಗೆ ಎದುರಾಗಿ ಹಿಡಿದಾಗ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಕಂಡರೆ ಪ್ರತಿಫಲಿಸುವ ಲೋಹದ ಪದರ ಅಲ್ಲಲ್ಲಿ ಹಾರಿಹೋಗಿದೆ ಎಂದರ್ಥ. ಅದಕ್ಕೆ ಮದ್ದಿಲ್ಲ, ಉಳಿದದ್ದನ್ನು ಬೇಗ ನಕಲು ಮಾಡಿಕೊಳ್ಳುವುದೊಂದೇ ದಾರಿ. ಸಿಡಿಯ ಮೇಲೆ ಕಾಗದದ ಸ್ಟಿಕ್ಕರ್ ಅಂಟಿಸಿದ್ದರೆ ಅದನ್ನು ಕೀಳಲು ಹೋಗಬೇಡಿ, ಮಾಹಿತಿಯ ಪದರವೂ ಅದರ ಜೊತೆಗೇ ಎದ್ದು ಬರುತ್ತದೆ. ಡಿವಿಡಿಯಲ್ಲಿ ತಲಾ 0.6 ಮಿಲಿಮೀಟರಿನ ಎರಡು ತಟ್ಟೆಗಳ ನಡುವೆ ಮಾಹಿತಿ ಇರುವುದರಿಂದ ಮೇಲಿನ ಗೀರಿಗೆ ಅದು ಅಷ್ಟು ಬೇಗ ಸೋಲುವುದಿಲ್ಲ.

ತಳಭಾಗದ ಆಳವಿಲ್ಲದ ಗೀರನ್ನು ಪಾಲಿಷ್ ಯಂತ್ರದಲ್ಲಿ ಉಜ್ಜಿಸಿದರೆ ಸಿಡಿ, ಡಿವಿಡಿ ಮತ್ತೆ ಓದಿಸಿಕೊಳ್ಳುವುದುಂಟು. ಆದರೆ ಒಂದೇ ಪ್ರತಿ ಇರುವ ಡಿಸ್ಕಿಗೆ ಇದನ್ನು ಕೊನೆಯಲ್ಲಿ, ಎರಡು ಮೂರು ಬೇರೆ ಡ್ರೈವ್‌ಗಳಲ್ಲಿ ಓದಿಸಿ ನೋಡಿದ ಮೇಲಷ್ಟೇ ಮಾಡಿಸಿ. ಬ್ಲೂ-ರೇಯ ರಕ್ಷಣಾ ಪದರ ಬರೀ 0.1 ಮಿಲಿಮೀಟರ್ ದಪ್ಪ. ಅದಕ್ಕೆ ಪಾಲಿಷ್ ಕೂಡದು.

ಎಚ್ಚರಿಕೆ: ನಡು ರಂಧ್ರದಿಂದ ಹೊರಟ ಬಿರುಕು, ಕೂದಲೆಳೆಯಷ್ಟೇ ಇದ್ದರೂ, ಆ ಡಿಸ್ಕನ್ನು ವೇಗದ ಡ್ರೈವಿಗೆ ಹಾಕಬೇಡಿ. 52 ಪಟ್ಟು ವೇಗದ ಡ್ರೈವಿನಲ್ಲಿ ಡಿಸ್ಕ್ ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗುತ್ತದೆ. ಬಿರುಕು ಬಿಟ್ಟದ್ದು ಒಳಗೇ ಚೂರಾಗಿ ಡ್ರೈವನ್ನೂ ಹಾಳು ಮಾಡುತ್ತದೆ, ಚೂರು ಮುಂಬಾಗಿಲಿನಿಂದ ಹೊರಗೂ ಸಿಡಿಯಬಹುದು. ಅಂಥ ಡಿಸ್ಕಿನಲ್ಲಿ ಬೆಲೆಯುಳ್ಳದ್ದು ಇದ್ದರೆ ಮಾಹಿತಿ ಮರಳಿ ಪಡೆದುಕೊಡುವ ಪರಿಣತರ ಬಳಿ ಒಯ್ಯಿರಿ.

ಲಕ್ಷಣ: ಸಿಡಿ ಓದುತ್ತದೆ, ಡಿವಿಡಿ ಓದುವುದಿಲ್ಲ (ಅಥವಾ ಇದರ ತಿರುವುಮುರುವು)

ಇದು ಡ್ರೈವಿನ ದೋಷಗಳಲ್ಲೆಲ್ಲ ಸ್ಪಷ್ಟವಾದ ಲಕ್ಷಣ. ಎರಡಕ್ಕೂ ಬೇರೆ ಬೇರೆ ಲೇಸರ್ ಇರುವುದರಿಂದ ಒಂದು ಸೋತು ಇನ್ನೊಂದು ಉಳಿದಿದೆ. ಲೆನ್ಸ್ ಮೇಲಿನ ಧೂಳೂ ಇದೇ ಲಕ್ಷಣ ತೋರಿಸಬಹುದಾದ್ದರಿಂದ ಒಮ್ಮೆ ಲೆನ್ಸ್ ಒರೆಸಿ ನೋಡಿ (ಬಗೆ ಮುಂದಿದೆ). ಆಗಲೂ ಹಾಗೆಯೇ ಇದ್ದರೆ ಡ್ರೈವ್ ಬದಲಿಸಿ. ವಿಂಡೋಸಿನ ಜೊತೆ ಗುದ್ದಾಡುವುದು ವ್ಯರ್ಥ.

ಲಕ್ಷಣ: ಅಂಗಡಿಯ ಡಿಸ್ಕ್ ಸರಿ, ಮನೆಯಲ್ಲಿ ಬರೆದ ಡಿಸ್ಕ್ ಮಾತ್ರ ತೆರೆಯುವುದಿಲ್ಲ

ಕಾರ್ಖಾನೆಯಲ್ಲಿ ಅಚ್ಚೊತ್ತಿದ ಸಿಡಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 70 ಶೇಕಡಾವನ್ನು ಹಿಂದಕ್ಕೆ ಕಳಿಸುತ್ತದೆ. ಅಳಿಸಿ ಬರೆಯುವ ಸಿಡಿ-ಆರ್‌ಡಬ್ಲ್ಯು ಕಳಿಸುವುದು 15ರಿಂದ 25 ಶೇಕಡಾ ಮಾತ್ರ. ತೀರ ಹಳೆಯ ಸಿಡಿ-ರಾಮ್ ಡ್ರೈವ್‌ಗಳು ಇಷ್ಟು ಮಂಕು ಬೆಳಕನ್ನು ಓದುವಂತೆ ರಚನೆಯಾದವೇ ಅಲ್ಲ. ಈಚಿನ ಡ್ರೈವ್ ಆಗಿದ್ದು, ಮೊದಲು ಓದುತ್ತಿದ್ದದ್ದು ಈಗ ಓದದಿದ್ದರೆ ಲೇಸರ್ ಕುಗ್ಗುತ್ತಿದೆ ಅಥವಾ ಲೆನ್ಸ್ ಮಬ್ಬಾಗಿದೆ. ಬಿಸಿಲಿಗೆ ಬಿದ್ದಿದ್ದ ಡಿಸ್ಕ್ ಆದರೆ ಅದರೊಳಗಿನ ಬಣ್ಣದ ಪದರವೇ ಕೆಟ್ಟಿರಬಹುದು.

ಡಿಸ್ಕ್ ಬರೆದ ಡ್ರೈವ್ ಇನ್ನೂ ಇದ್ದರೆ ಅದರಲ್ಲೇ ಹಾಕಿ ನೋಡಿ. ಬರೆದ ಡ್ರೈವು ತನ್ನ ಬರಹವನ್ನು ಬೇರೆ ಡ್ರೈವಿಗಿಂತ ಸಲೀಸಾಗಿ ಓದುವುದು ಸಾಮಾನ್ಯ.

ಲಕ್ಷಣ: ಡಿಸ್ಕ್ ತಿರುಗುತ್ತದೆ, ಆದರೆ ಖಾಲಿ ಎನ್ನುತ್ತದೆ ಅಥವಾ ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ

‘ಬೇಡ’ ಎನ್ನಿ. ಬರೆಯಬಲ್ಲ ಡಿಸ್ಕಿನ ಮೇಲೆ ‘ಸರಿ’ ಒತ್ತಿದರೆ ಇದ್ದದ್ದೂ ಹೋಗಬಹುದು. ಆಮೇಲೆ ತಳಭಾಗ ನೋಡಿ. ಬರೆದ ಭಾಗ ಮತ್ತು ಬರೆಯದ ಭಾಗದ ಬಣ್ಣದಲ್ಲಿ ವ್ಯತ್ಯಾಸ ಕಾಣುತ್ತದೆ. ಒಳಗಿನಿಂದ ಹೊರಕ್ಕೆ ಒಂದು ಪಟ್ಟಿ ಬೇರೆ ಬಣ್ಣದಲ್ಲಿದ್ದರೆ ಮಾಹಿತಿ ಇದೆ, ಕಂಪ್ಯೂಟರಿಗೆ ಅದು ಅರ್ಥವಾಗುತ್ತಿಲ್ಲ ಅಷ್ಟೇ.

ಕಾರಣಗಳಲ್ಲಿ ಮೊದಲನೆಯದು, ಬರೆದವರು ಡಿಸ್ಕನ್ನು ಫೈನಲೈಸ್ ಮಾಡಿಲ್ಲ, ಎಂದರೆ ಬೇರೆ ಯಂತ್ರಗಳೂ ಓದುವಂತೆ ಬರಹವನ್ನು ಮುಚ್ಚಿ ಮುಗಿಸಿಲ್ಲ. ಕ್ಯಾಮ್‌ಕಾರ್ಡರ್ ಮತ್ತು ಟಿವಿ ರೆಕಾರ್ಡರಿನ ಡಿವಿಡಿಗಳಲ್ಲಿ ಇದು ಪದೇ ಪದೇ ಕಾಣುವ ತೊಂದರೆ. ಆ ಯಂತ್ರವಿದ್ದರೆ ಅದರ ಮೆನುವಿನಲ್ಲೇ ಫೈನಲೈಸ್ ಮಾಡಿ. ಇಲ್ಲವಾದರೆ ಮುಚ್ಚದ ಸೆಷನ್ನನ್ನೂ ಓದಬಲ್ಲ ಐಸೊಬಸ್ಟರ್ ಥರದ ಸಾಫ್ಟ್‌ವೇರ್ ಬೇಕು. ಎರಡನೆಯದು, ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸುವ ಯುಡಿಎಫ್ ಎಂಬ ಪದ್ಧತಿಯ ಆವೃತ್ತಿ ಹಳೆಯ ವಿಂಡೋಸಿಗೆ ತಿಳಿಯದು. ವಿಂಡೋಸ್ 98 ಓದುವುದು ಯುಡಿಎಫ್ 1.02, ವಿಂಡೋಸ್ 2000 ಓದುವುದು 1.50ರ ತನಕ, ಎಕ್ಸ್‌ಪಿ 2.01ರ ತನಕ. 2.50 ಓದಲು ವಿಸ್ಟಾ ಇಲ್ಲವೇ ಅದರ ನಂತರದ್ದು ಬೇಕು. ಹೊಸ ಕಂಪ್ಯೂಟರಿನಲ್ಲಿ ತೆರೆಯುವ ಡಿಸ್ಕ್ ಎಕ್ಸ್‌ಪಿಯಲ್ಲಿ ಖಾಲಿ ಕಂಡರೆ ಮೊದಲ ಅನುಮಾನ ಇಲ್ಲೇ ಇರಲಿ. ಹಳೆಯ ಯಂತ್ರಕ್ಕಾಗಿ ಡಿಸ್ಕ್ ಬರೆಯುವುದಾದರೆ ವಿಂಡೋಸ್ ಕೇಳಿದಾಗ ‘ಯುಎಸ್‌ಬಿ ಫ್ಲ್ಯಾಶ್ ಡ್ರೈವ್‌ನಂತೆ’ ಎಂಬುದನ್ನು ಬಿಟ್ಟು ‘ಸಿಡಿ/ಡಿವಿಡಿ ಪ್ಲೇಯರಿನಲ್ಲಿ ಬಳಸಲು’ ಎಂಬುದನ್ನು ಆರಿಸಿ. ಇನ್ನೊಂದು ಸಾಧ್ಯತೆ, ಡಿಸ್ಕ್ ಮ್ಯಾಕ್ ಕಂಪ್ಯೂಟರಿನಲ್ಲಿ ಎಚ್‌ಎಫ್‌ಎಸ್ ಮಾದರಿಯಲ್ಲಿ ಬರೆದದ್ದು. ಅದು ಹಳೆಯ ಮ್ಯಾಕ್‌ನಲ್ಲೋ ಲಿನಕ್ಸ್‌ನಲ್ಲೋ ತೆರೆಯುತ್ತದೆ.

ಹಾಡಿನ ಸಿಡಿಯಲ್ಲಿ ‘ಟ್ರ್ಯಾಕ್01’ ಎಂಬಂಥ 1 ಕೆಬಿಯ ಫೈಲುಗಳು ಕಂಡರೆ ಅದು ದೋಷವಲ್ಲ. ಅವು ವಿಂಡೋಸ್ ತೋರಿಸುವ ಬರೀ ಗುರುತುಗಳು, ಹಾಡು ಅವುಗಳಲ್ಲಿಲ್ಲ. ಆ ಫೈಲುಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿ ಸಿಡಿ ಎಸೆದವರು ಹಾಡು ಕಳೆದುಕೊಂಡಂತೆಯೇ. ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಮೀಡಿಯಾ ಪ್ಲೇಯರಿನ ‘ರಿಪ್’ ಬಳಸಿ.

ಲಕ್ಷಣ: ಕಂಪ್ಯೂಟರಿನಲ್ಲಿ ಡ್ರೈವಿನ ಗುರುತೇ ಕಾಣುತ್ತಿಲ್ಲ

ಮೊದಲು ಮುಂಭಾಗದ ಗುಂಡಿ ಒತ್ತಿ. ಟ್ರೇ ಹೊರಬಂದರೆ ಡ್ರೈವಿಗೆ ವಿದ್ಯುತ್ ಬರುತ್ತಿದೆ. ಏನೂ ಆಗದಿದ್ದರೆ, ಸಣ್ಣ ದೀಪವೂ ಹೊತ್ತದಿದ್ದರೆ ವಿದ್ಯುತ್ ಕನೆಕ್ಟರ್ ಸಡಿಲವಾಗಿರಬಹುದು. ಹೊರಗಿನ ಯುಎಸ್‌ಬಿ ಡ್ರೈವ್ ಆದರೆ ಮುಂಭಾಗದ ಪೋರ್ಟ್ ಬಿಟ್ಟು ಹಿಂಭಾಗದ ಪೋರ್ಟಿಗೆ ಚುಚ್ಚಿ, ನಡುವೆ ಹಬ್ ಬೇಡ. ಯುಎಸ್‌ಬಿ 2.0 ಪೋರ್ಟಿನ ಮಿತಿ 500 ಮಿಲಿಆಂಪಿಯರ್. ಡಿಸ್ಕ್ ತಿರುಗಲು ಶುರುವಾದೊಡನೆ ಡ್ರೈವ್ ಮಾಯವಾಗಿ ಮತ್ತೆ ಕಾಣಿಸಿಕೊಂಡರೆ ಕರೆಂಟ್ ಸಾಲುತ್ತಿಲ್ಲ ಎಂದೇ ತಿಳಿಯಿರಿ. ಎರಡು ಪ್ಲಗ್ಗಿನ ವೈ ಆಕಾರದ ಕೇಬಲ್ ಹಾಕಿ.

ನಂತರ ಬಯೋಸ್ ನೋಡಿ. ವಿಂಡೋಸಿಗಿಂತ ಮೊದಲೇ ಓಡುವ, ಕಂಪ್ಯೂಟರಿನ ಮೂಲ ಸೆಟ್ಟಿಂಗ್ ತೋರಿಸುವ ಪ್ರೋಗ್ರಾಂ ಅದು. ಕಂಪ್ಯೂಟರ್ ಹಚ್ಚಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತುತ್ತಿದ್ದರೆ ಬಹುತೇಕ ಯಂತ್ರಗಳಲ್ಲಿ ಬಯೋಸ್ ತೆರೆಯುತ್ತದೆ. ಅಲ್ಲಿ ಡ್ರೈವಿನ ಹೆಸರಿದ್ದು ವಿಂಡೋಸಿನಲ್ಲಿ ಇಲ್ಲದಿದ್ದರೆ ದೋಷ ವಿಂಡೋಸಿನದು, ಬಯೋಸಿನಲ್ಲೂ ಇಲ್ಲದಿದ್ದರೆ ಕೇಬಲ್, ಸೆಟ್ಟಿಂಗ್ ಅಥವಾ ಡ್ರೈವಿನದು. ಪ್ರತಿ ಸಲ ಹಚ್ಚಿದಾಗಲೂ ದಿನಾಂಕ ತಪ್ಪಿರುತ್ತದೆಯೇ? ಹಾಗಿದ್ದರೆ ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತು, ಡ್ರೈವಿನ ಸೆಟ್ಟಿಂಗ್ ಕೂಡ ಅಳಿಸಿಹೋಗುತ್ತಿದೆ. ಆ 3 ವೋಲ್ಟಿನ ನಾಣ್ಯದಾಕಾರದ ಬ್ಯಾಟರಿ ಬದಲಿಸಿ, ಸೆಟ್ಟಿಂಗ್ ಮತ್ತೆ ಉಳಿಸಿ.

ದೋಷ ವಿಂಡೋಸಿನದು ಎಂದಾದರೆ ಕಂಪ್ಯೂಟರಿನ ಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆಯಿರಿ. ಡ್ರೈವಿನ ಹೆಸರಿನ ಪಕ್ಕ ಹಳದಿ ಗುರುತು, ಒಳಗೆ ಕೋಡ್ 19, 31, 32, 39 ಅಥವಾ 41 ಇದ್ದರೆ, ಹಿಂದೆಂದೋ ಹಾಕಿ ತೆಗೆದ, ಡಿಸ್ಕ್ ಬರೆಯುವ ಬರ್ನಿಂಗ್ ಸಾಫ್ಟ್‌ವೇರ್ ವಿಂಡೋಸಿನ ಸೆಟ್ಟಿಂಗ್‌ಗಳ ಕಣಜವಾದ ರಿಜಿಸ್ಟ್ರಿಯಲ್ಲಿ ಬಿಟ್ಟುಹೋದ ತುಣುಕು ಕಾಡುತ್ತಿರುವ ಸಂಭವವೇ ಹೆಚ್ಚು. ಮೊದಲು ಡ್ರೈವನ್ನು ಅಲ್ಲಿಂದ ಅನ್‌ಇನ್‌ಸ್ಟಾಲ್ ಮಾಡಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ವಿಂಡೋಸ್ ತಾನೇ ಅದನ್ನು ಮತ್ತೆ ಗುರುತಿಸುತ್ತದೆ. ಅದರಿಂದಲೂ ಸರಿಹೋಗದಿದ್ದರೆ ರಿಜಿಸ್ಟ್ರಿಯ ಬ್ಯಾಕಪ್ ತೆಗೆದುಕೊಂಡು, ‘ಕಂಟ್ರೋಲ್’ ಅಡಿಯ ‘ಕ್ಲಾಸ್’ ವಿಭಾಗದಲ್ಲಿ 4ಡಿ36ಇ965 ಎಂದು ಆರಂಭವಾಗುವ ಕೀ ತೆರೆದು, ಅದರೊಳಗಿನ ‘ಅಪ್ಪರ್‌ಫಿಲ್ಟರ್ಸ್’ ಮತ್ತು ‘ಲೋವರ್‌ಫಿಲ್ಟರ್ಸ್’ ಎಂಬ ಎರಡನ್ನು ಮಾತ್ರ ಅಳಿಸಬೇಕು. ಪಕ್ಕದಲ್ಲೇ 4ಡಿ36ಇ96 ಎಂದು ಶುರುವಾಗಿ ಕೊನೆಯ ಅಂಕೆ ಮಾತ್ರ ಬೇರೆ ಇರುವ ಕೀಗಳು ಸಾಲಾಗಿ ಇರುತ್ತವೆ. ಅವು ಕೀಬೋರ್ಡ್, ಹಾರ್ಡ್ ಡಿಸ್ಕ್ ಮುಂತಾದವುಗಳದ್ದು. ತಪ್ಪಿದ್ದರಲ್ಲಿ ಅಳಿಸಿದರೆ ಕಂಪ್ಯೂಟರೇ ಏಳದೆ ಹೋದೀತು. ರಿಜಿಸ್ಟ್ರಿ ಮುಟ್ಟಿ ಅಭ್ಯಾಸವಿಲ್ಲದವರು ಈ ಹಂತಕ್ಕೆ ತಿಳಿದವರನ್ನು ಕರೆಯುವುದೇ ಒಳ್ಳೆಯದು. ಅಳಿಸಿದ ಮೇಲೆ ಈಗಿರುವ ಬರ್ನಿಂಗ್ ಸಾಫ್ಟ್‌ವೇರನ್ನು ಮತ್ತೆ ಇನ್‌ಸ್ಟಾಲ್ ಮಾಡಬೇಕಾಗಬಹುದು.

ಡಿವೈಸ್ ಮ್ಯಾನೇಜರಿನಲ್ಲಿ ಎಲ್ಲ ಸರಿ ಇದ್ದು ಮೈ ಕಂಪ್ಯೂಟರಿನಲ್ಲಿ ಮಾತ್ರ ಕಾಣದಿದ್ದರೆ ಡ್ರೈವಿನ ಅಕ್ಷರ ಹೋಗಿದೆ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಹೊಸ ಅಕ್ಷರ ಕೊಡಿ.

ದೋಷ ಕೇಬಲ್ ಕಡೆಗೆ ಬೆರಳು ತೋರಿಸಿದರೆ ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಪ್ಲಗ್ ಕಿತ್ತು, ಕೇಸಿನ ಲೋಹ ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ ಕಳೆದುಕೊಂಡು ಬಿಚ್ಚಿ. ಕಿರಿದಾದ ಸಾಟಾ ಕೇಬಲ್ ಆದರೆ ಬೇರೆಯದು ಹಾಕಿ ನೋಡುವುದು ಸುಲಭ. ಅಗಲ ಪಟ್ಟಿಯಂಥ ಐಡಿಇ ಕೇಬಲ್ ಆದರೆ ಕೆಂಪು ಗೆರೆಯ ಅಂಚು ಡ್ರೈವಿನ ವಿದ್ಯುತ್ ಕನೆಕ್ಟರಿನ ಕಡೆಗೆ ಇರಬೇಕು. 80 ತಂತಿಯ ಕೇಬಲ್‌ನಲ್ಲಿ ನೀಲಿ ತುದಿ ಮದರ್‌ಬೋರ್ಡಿಗೆ, ಕಪ್ಪು ತುದಿ ಮಾಸ್ಟರಿಗೆ (ಮೊದಲ ಡ್ರೈವ್), ನಡುವಿನ ಬೂದು ಸ್ಲೇವಿಗೆ (ಎರಡನೆಯದು). ಒಂದೇ ಕೇಬಲ್‌ನ ಎರಡೂ ಡ್ರೈವ್‌ಗಳ ಜಂಪರ್ (ಹಿಂಭಾಗದ ಪಿನ್‌ಗಳಿಗೆ ತೊಡಿಸುವ ಪುಟ್ಟ ಟೊಪ್ಪಿ) ಮಾಸ್ಟರ್ ಎಂದೇ ಇದ್ದರೆ ಒಂದು ಡ್ರೈವ್ ಅಥವಾ ಎರಡೂ ಕಾಣೆಯಾಗುತ್ತವೆ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ.

ಲಕ್ಷಣ: ತೆರೆಯುತ್ತದೆ, ಆದರೆ ಆಮೆವೇಗ, ಸಿನಿಮಾ ತಡೆತಡೆದು ಓಡುತ್ತದೆ

ಎಲ್ಲ ಡಿಸ್ಕಿನಲ್ಲೂ ಹೀಗಾದರೆ, ಅದೂ ಎಕ್ಸ್‌ಪಿ ಮತ್ತು ಐಡಿಇ ಡ್ರೈವ್ ಆದರೆ, ಕಾರಣ ಬಹುತೇಕ ಒಂದೇ. ಗೀರು ಬಿದ್ದ ಒಂದು ಡಿಸ್ಕನ್ನು ಓದುವಾಗ ಆರು ಸಲ ದೋಷ ಕಂಡರೆ ಎಕ್ಸ್‌ಪಿ ಆ ಡ್ರೈವನ್ನು ವೇಗದ ಡಿಎಂಎ ವಿಧಾನದಿಂದ ನಿಧಾನದ ಪಿಐಒಗೆ ಇಳಿಸಿಬಿಡುತ್ತದೆ, ತಾನಾಗಿ ಮತ್ತೆ ಮೇಲೇರಿಸುವುದಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಡ್ರೈವ್ ಇರುವ ಐಡಿಇ ಚಾನೆಲ್ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದರೆ ಡಿಎಂಎ ಮರಳುತ್ತದೆ.

ಲಕ್ಷಣ: ಫೈಲುಗಳು ಕಾಣುತ್ತವೆ, ಸಿನಿಮಾ ಅಥವಾ ಗೇಮ್ ಮಾತ್ರ ಓಡುವುದಿಲ್ಲ

ಡ್ರೈವಿನ ತಪ್ಪಲ್ಲ. ಡಿವಿಡಿ ಸಿನಿಮಾಕ್ಕೆ ಅದರ ವಿಡಿಯೊವನ್ನು ಬಿಡಿಸಿ ತೋರಿಸುವ ಎಂಪೆಗ್-2 ಡಿಕೋಡರ್ ಬೇಕು. ಎಕ್ಸ್‌ಪಿಯಲ್ಲಿ ಅದು ಇಲ್ಲ, ವಿಂಡೋಸ್ 8ರಿಂದ ಈಚೆಗೂ ತಾನಾಗಿ ಬರುವುದಿಲ್ಲ. ವಿಎಲ್‌ಸಿ ಪ್ಲೇಯರ್ ಹಾಕಿಕೊಂಡರೆ ಸಾಕು. ಡಿವಿಡಿ ಯಾವ ದೇಶಗಳಿಗೆ ಎಂದು ಹೇಳುವ ಪ್ರದೇಶ ಸಂಕೇತ (ರೀಜನ್ ಕೋಡ್) ಡ್ರೈವಿನದಕ್ಕೆ ಹೊಂದುತ್ತಿಲ್ಲ ಎಂದು ಕಂಪ್ಯೂಟರ್ ಹೇಳಿದರೆ ಥಟ್ಟನೆ ಬದಲಿಸಬೇಡಿ. ಒಟ್ಟು ಐದು ಸಲ ಮಾತ್ರ ಅವಕಾಶ, ಐದನೆಯದು ಶಾಶ್ವತ. ಸೇಫ್‌ಡಿಸ್ಕ್ ಎಂಬ ನಕಲು ತಡೆಯುವ ರಕ್ಷಣೆಯಿದ್ದ ಹಳೆಯ ಗೇಮ್‌ಗಳು ವಿಂಡೋಸ್ 10ರಲ್ಲಿ ಓಡುವುದಿಲ್ಲ. 2015ರ ಸೆಪ್ಟೆಂಬರಿನ ಭದ್ರತಾ ಅಪ್‌ಡೇಟ್ ಬಂದ ಮೇಲೆ ವಿಸ್ಟಾ, 7, 8ರಲ್ಲೂ ನಿಂತಿವೆ. ಡಿಸ್ಕ್ ಎಷ್ಟು ಒರೆಸಿದರೂ ಪ್ರಯೋಜನವಿಲ್ಲ.

ಲಕ್ಷಣ: ಟ್ರೇ ಹೊರಬರುವುದಿಲ್ಲ, ಡಿಸ್ಕ್ ಒಳಗೇ ಸಿಕ್ಕಿಕೊಂಡಿದೆ

ಯಾವುದೋ ಪ್ರೋಗ್ರಾಂ ಡಿಸ್ಕನ್ನು ಹಿಡಿದುಕೊಂಡಿರಬಹುದು. ರೀಸ್ಟಾರ್ಟ್ ಮಾಡಿ, ವಿಂಡೋಸ್ ಏಳುವ ಮುನ್ನವೇ ಗುಂಡಿ ಒತ್ತಿ. ಆಗಲೂ ಬರದಿದ್ದರೆ ಕಂಪ್ಯೂಟರ್ ಪೂರ್ತಿ ಆಫ್ ಮಾಡಿ, ನೇರ ಮಾಡಿದ ಕಾಗದದ ಕ್ಲಿಪ್ಪನ್ನು ಮುಂಭಾಗದ ಸಣ್ಣ ತೂತಿನೊಳಗೆ ಓರೆಯಾಗದಂತೆ ತಳ್ಳಿ. ಒಳಗೆ ಏನೋ ತಡೆದಂತಾಗುತ್ತದೆ. ಇನ್ನಷ್ಟು ಒತ್ತಿದರೆ ಟ್ರೇ ಬೆರಳು ಹಿಡಿಯುವಷ್ಟು ಮುಂದೆ ಬರುತ್ತದೆ, ಉಳಿದದ್ದನ್ನು ಕೈಯಿಂದ ನಿಧಾನವಾಗಿ ಎಳೆಯಿರಿ. ಡಿಸ್ಕ್ ತಿರುಗುತ್ತಿರುವಾಗ ಇದನ್ನು ಮಾಡಬಾರದು.

ಗುಂಡಿ ಒತ್ತಿದಾಗ ಮೋಟಾರ್ ‘ಗುಂಯ್’ ಎನ್ನುತ್ತದೆ, ಟ್ರೇ ಅಲುಗಿ ಅಲ್ಲೇ ನಿಲ್ಲುತ್ತದೆ ಎಂದಾದರೆ ಒಳಗಿನ ರಬ್ಬರ್ ಬೆಲ್ಟ್ ಸವೆದು ಜಾರುತ್ತಿದೆ. ಡೆಸ್ಕ್‌ಟಾಪ್ ಡ್ರೈವ್‌ಗಳಲ್ಲಿ ವಯಸ್ಸಾದಂತೆ ಬರುವ ಕಾಯಿಲೆ ಇದು. ಬೆಲ್ಟನ್ನು ಐಸೊಪ್ರೊಪೈಲಿನಿಂದ ಒರೆಸಿದರೆ ಸ್ವಲ್ಪ ಕಾಲ ಹಿಡಿತ ಮರಳುತ್ತದೆ. ಶಾಶ್ವತ ಪರಿಹಾರಕ್ಕೆ ಅದೇ ಅಳತೆಯ ಹೊಸ ಬೆಲ್ಟ್ ಬೇಕು. ಟ್ರೇ ಇಲ್ಲದೆ, ಮುಂಭಾಗದ ಸೀಳಿನೊಳಗೆ ಡಿಸ್ಕ್ ತೂರಿಸುವ ಸ್ಲಾಟ್ ಡ್ರೈವ್‌ಗಳಲ್ಲಿ ಬಹಳಷ್ಟಕ್ಕೆ ತೂತೇ ಇಲ್ಲ. ಅವುಗಳಿಗೆ 8 ಸೆಂಟಿಮೀಟರಿನ ಪುಟಾಣಿ ಡಿಸ್ಕ್ ಹಾಕಲೇಬೇಡಿ.

ಲಕ್ಷಣ: ಯಾವ ಡಿಸ್ಕ್ ಹಾಕಿದರೂ ಟಿಕ್ ಟಿಕ್ ಸದ್ದು, ಆಮೇಲೆ ಮೌನ

ಲೆನ್ಸ್ ಮೇಲೆ ಕೆಳಗೆ ಸರಿದು ಡಿಸ್ಕಿನ ಮೇಲ್ಮೈ ಹುಡುಕುತ್ತಿದೆ. ಬೆಳಕು ಮರಳದಿದ್ದಾಗ ಡ್ರೈವ್ ‘ಡಿಸ್ಕ್ ಇಲ್ಲ’ ಎಂದು ತೀರ್ಮಾನಿಸುತ್ತದೆ. ಲ್ಯಾಪ್‌ಟಾಪ್ ಡ್ರೈವಿನಲ್ಲಿ ಟ್ರೇ ತೆರೆದರೆ ಹೆಸರುಕಾಳಿನಷ್ಟು ದಪ್ಪದ ನೀಲಿ ಛಾಯೆಯ ಲೆನ್ಸ್ ಎದುರಿಗೇ ಕಾಣುತ್ತದೆ. ಕಂಪ್ಯೂಟರ್ ಆಫ್ ಮಾಡಿ, ಲ್ಯಾಪ್‌ಟಾಪಿನ ಬ್ಯಾಟರಿ ತೆಗೆದು, ಹತ್ತಿಯ ಕಡ್ಡಿಗೆ 90 ಶೇಕಡಾ ಅಥವಾ ಹೆಚ್ಚು ಶುದ್ಧತೆಯ ಐಸೊಪ್ರೊಪೈಲ್ ಒಂದು ಹನಿ ತಾಗಿಸಿ, ಭಾರ ಹಾಕದೆ ಒಂದೆರಡು ಸಲ ಸವರಿ. ಲೆನ್ಸ್ ನಿಂತಿರುವುದು ಕೂದಲಿನಷ್ಟು ತೆಳು ತಂತಿಗಳ ಮೇಲೆ. ಒತ್ತಿದರೆ ಅವು ಬಾಗಿ ಡ್ರೈವ್ ಮುಗಿದಂತೆ. ಹತ್ತು ನಿಮಿಷ ಒಣಗಲು ಬಿಟ್ಟು ಹಚ್ಚಿ. ಡೆಸ್ಕ್‌ಟಾಪ್ ಡ್ರೈವಿನ ಲೆನ್ಸ್ ಒಳಗಿರುವುದರಿಂದ ಮೊದಲು ಬ್ರಷ್ ಇರುವ ಕ್ಲೀನಿಂಗ್ ಡಿಸ್ಕ್ ಹಾಕಿ ನೋಡಿ.

ಮುಚ್ಚಳ ತೆಗೆದ ಡ್ರೈವಿಗೆ ಕರೆಂಟ್ ಕೊಡಬೇಡಿ. ಸಿಡಿಯ 780 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ ಎಂದೇ ಹೇಳಬೇಕು, ಹಾಗಾಗಿ ರೆಪ್ಪೆ ಮುಚ್ಚುವ ಸಹಜ ರಕ್ಷಣೆಯೂ ಕೆಲಸ ಮಾಡುವುದಿಲ್ಲ. ಬರೆಯುವ ಡ್ರೈವ್‌ಗಳ ಲೇಸರ್ ಇನ್ನೂ ತೀಕ್ಷ್ಣ. ಲೇಸರ್ ಜೋಡಣೆಯ ಪಕ್ಕದ ಪುಟ್ಟ ಸ್ಕ್ರೂ ತಿರುಗಿಸಿ ಬೆಳಕು ಹೆಚ್ಚಿಸುವ ಸಲಹೆಗಳನ್ನೂ ನಂಬಬೇಡಿ. ಕೆಲವು ದಿನ ಓದಿದಂತೆ ಮಾಡಿ ಡಯೋಡೇ ಸುಟ್ಟುಹೋಗುತ್ತದೆ. ಒರೆಸಿದರೂ ಓದದ ಡ್ರೈವನ್ನು ಬದಲಿಸುವುದೇ ಸರಿ.

ನಕಲು ಮಾಡುವಾಗ ನಡುವೆ ನಿಂತುಹೋದರೆ

‘ಸೈಕ್ಲಿಕ್ ರಿಡಂಡನ್ಸಿ ಚೆಕ್’ ಎಂಬ ಸಂದೇಶ ಬಂದರೆ ಆ ಜಾಗದ ಮಾಹಿತಿ ಓದಲು ಆಗುತ್ತಿಲ್ಲ ಎಂದರ್ಥ. ಎಕ್ಸ್‌ಪಿಯಂಥ ಹಳೆಯ ವಿಂಡೋಸ್ ಒಂದು ಫೈಲಿಗೇ ಎಡವಿ ಇಡೀ ನಕಲನ್ನು ಕೈಬಿಡುತ್ತದೆ. ಆದ್ದರಿಂದ ಫೋಲ್ಡರನ್ನು ಒಟ್ಟಿಗೆ ಎಳೆಯದೆ ಹತ್ತಿಪ್ಪತ್ತು ಫೈಲುಗಳಂತೆ ನಕಲು ಮಾಡಿ, ಎಡವಿದ್ದನ್ನು ಬಿಟ್ಟು ಮುಂದೆ ಹೋಗಿ.

ಇದಕ್ಕಿಂತ ಒಳ್ಳೆಯದು ಲಿನಕ್ಸಿನ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ. ಇದು ಡಿಸ್ಕನ್ನು ಸಣ್ಣ ತುಂಡುಗಳಾಗಿ ಓದಿ, ಸಿಕ್ಕ ತುಂಡು ಯಾವುದು, ಸಿಗದ್ದು ಯಾವುದು ಎಂದು ಒಂದು ನಕ್ಷೆ ಫೈಲಿನಲ್ಲಿ ಬರೆದಿಡುತ್ತದೆ. ಮೊದಲ ಸುತ್ತಿನಲ್ಲಿ ಸುಲಭವಾದದ್ದನ್ನೆಲ್ಲ ಬಾಚಿಕೊಂಡು, ಆಮೇಲಷ್ಟೇ ಕೆಟ್ಟ ಜಾಗಕ್ಕೆ ಮರಳುತ್ತದೆ. ಇದರ ನಿಜವಾದ ಬಲ ಗೊತ್ತಾಗುವುದು ಎರಡನೇ ಡ್ರೈವ್ ಇದ್ದಾಗ. ಒಂದು ಡ್ರೈವ್ ಓದಲಾಗದ ತುಂಡನ್ನು ಇನ್ನೊಂದು ಓದಿಬಿಡುವುದುಂಟು. ಅದೇ ನಕ್ಷೆ ಫೈಲನ್ನು ಇಟ್ಟುಕೊಂಡು ಡಿಸ್ಕನ್ನು ಬೇರೆ ಡ್ರೈವಿಗೆ ಹಾಕಿ ಮುಂದುವರಿಸಿದರೆ ಉಳಿದ ತೂತುಗಳು ಒಂದೊಂದಾಗಿ ತುಂಬುತ್ತವೆ. ಡಿವಿಡಿ ತುಂಬಿದ್ದರೆ 4.7 ಜಿಬಿ, ಎರಡು ಪದರದ್ದಾದರೆ 8.5 ಜಿಬಿ ಖಾಲಿ ಜಾಗ ಮೊದಲೇ ನೋಡಿಕೊಳ್ಳಿ. ರಾತ್ರಿಯಿಡೀ ಓಡಿದರೂ ಆಶ್ಚರ್ಯವಿಲ್ಲ. ಡಿಸ್ಕ್ ಕೆರೆಯುವ ಅಥವಾ ಬಡಿಯುವ ಸದ್ದು ಬಂದರೆ ಮಾತ್ರ ಕೂಡಲೇ ನಿಲ್ಲಿಸಿ, ಡಿಸ್ಕ್ ಹೊರತೆಗೆದು ನಡು ರಂಧ್ರದ ಸುತ್ತ ಮತ್ತೊಮ್ಮೆ ಬಿರುಕು ಹುಡುಕಿ.